ಹದಿನೇಳನೇ ಕೇಬಲ್

ಬಾಕ್ ನಿನ್ ನಗರದ ನಮ್ಮ ಫೋನ್ ಪರೀಕ್ಷಾಲಯದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ದೀಪ ಆರಿಸುತ್ತಾರೆ. ಊಟ ಮುಗಿಸಿದವರು ಮೇಜಿನ ಕೆಳಗೆ ಚಾಪೆ ಬಿಚ್ಚಿ ಒಂದು ಗಂಟೆ ಮಲಗುತ್ತಾರೆ. ನನಗೆ ನಿದ್ದೆ ಬರುವುದಿಲ್ಲ. ಗೊರಕೆಗಳು ಶುರುವಾದ ಮೇಲೆ ಚೀಲದಿಂದ ವಿಯೆನ್‌ನ ಫೋನ್ ತೆಗೆದು, ಪರೀಕ್ಷೆಯ ಫೋನ್‌ಗಳನ್ನು ಸಾಲಾಗಿ ಇಟ್ಟಿರುವ ರ್‍ಯಾಕಿನ ಹದಿನೇಳನೇ ಕೇಬಲ್‌ಗೆ ಸಿಕ್ಕಿಸುತ್ತೇನೆ.

ವಿಯೆನ್ ನನ್ನ ಗಂಡ. ತೀರಿಹೋಗಿ ಏಳು ತಿಂಗಳಾಯಿತು. ಸುಟ್ಟದ್ದು ಸತ್ತವರಿಗೆ ತಲುಪುತ್ತದೆಂಬ ನಮ್ಮ ಕಡೆಯ ನಂಬಿಕೆಯಂತೆ ನೂರನೇ ದಿನ ಅತ್ತೆ ಅವನಿಗೆಂದು ಕಾಗದದ ಫೋನೊಂದನ್ನು ಸುಟ್ಟರು. ಹೊಸ ಮಾದರಿ, ಜೊತೆಗೆ ಕಾಗದದ ಚಾರ್ಜರ್. ಹೊಗೆ ಏಳುವಾಗ, ಇದನ್ನು ಯಾರೂ ಪರೀಕ್ಷೆ ಮಾಡಿಲ್ಲವಲ್ಲ ಎಂದು ನನಗೆ ಅನ್ನಿಸಿತು. ಹೆಂಡತಿಗೆ ಆ ಹೊತ್ತಿನಲ್ಲಿ ಅನ್ನಿಸಬೇಕಾದ್ದು ಅದಲ್ಲ.

"ಹಳೇದನ್ನ ಆಫ್ ಮಾಡಿಡು ಮಗಳೇ," ಎಂದರು ಅತ್ತೆ. "ಎರಡೆರಡು ಫೋನ್ ಇಟ್ಕೊಂಡು ಅವ್ನು ಅಲ್ಲಿ ಏನ್ ಮಾಡ್ತಾನೆ?"

ಆಫ್ ಮಾಡಲಿಲ್ಲ. ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಅತ್ತೆ ಕಿತ್ತಿಡುತ್ತಾರೆಂದು ಕಚೇರಿಗೆ ತರುತ್ತೇನೆ. ಅದರಲ್ಲಿ ಅವನ ದನಿಯ ನಲವತ್ತೊಂದು ತುಣುಕುಗಳಿವೆ. ಟೈಪ್ ಮಾಡಲು ಅವನಿಗೆ ಸೋಮಾರಿತನ. "ಮೊಟ್ಟೆ ತರ್ಬೇಕಾ?" ಎಂಬುದನ್ನೂ ಮಾತಾಡಿಯೇ ಕಳಿಸುತ್ತಿದ್ದ. ನನ್ನ ಫೋನಿಗೆ ಬಂದವನ್ನು ಜಾಗ ಸಾಲದೆಂದು ನಾನು ಆಗಾಗ ಅಳಿಸುತ್ತ ಬಂದಿದ್ದೆ. ಯಾರೂ ಓದದ ಪರೀಕ್ಷಾ ವರದಿಗಳಿಗೆ ಎರಡೆರಡು ಪ್ರತಿ ಇಡುವವಳು, ಇವಕ್ಕೆ ಒಂದೂ ಮಾಡಿಲ್ಲ. ಮಾಡಬೇಕಾದರೆ ಫೋನ್ ತೆರೆಯಬೇಕು. ನಾನು ಚಾರ್ಜ್ ಮಾಡುತ್ತೇನೆ, ಅಷ್ಟೆ.

ನಮ್ಮ ಕೆಲಸ ರ್‍ಯಾಕಿನ ಇಪ್ಪತ್ತನಾಲ್ಕು ಫೋನ್‌ಗಳಿಗೆ ಹೊಸ ಫರ್ಮ್‌ವೇರ್, ಅಂದರೆ ಫೋನನ್ನು ನಡೆಸುವ ತಂತ್ರಾಂಶ, ಫ್ಲ್ಯಾಶ್ ಮಾಡುವುದು. ಒಳಗಿದ್ದುದನ್ನೆಲ್ಲ ಒರೆಸಿ, ಹೊಸದನ್ನು ತುಂಬಿ, ಸರಿಯಾಗಿ ಏಳುತ್ತವೆಯೇ ಎಂದು ನೋಡುವುದು. ದಿನಾ ಸಂಜೆ ಐದಕ್ಕೆ ಎಲ್ಲವೂ ತಾನಾಗಿ ನಡೆಯುತ್ತದೆ. ಆ ಪ್ರೋಗ್ರಾಂ ಬರೆದವಳು ನಾನೇ. ಕೇಬಲ್‌ಗೆ ಯಾವ ಫೋನ್ ಸಿಕ್ಕಿಕೊಂಡಿದೆಯೋ ಅದನ್ನು ಒರೆಸುತ್ತದೆ, ಕೇಬಲ್ ಖಾಲಿ ಇದ್ದರೆ ಮುಂದೆ ಹೋಗುತ್ತದೆ. ಹದಿನೇಳನೆಯ ಫೋನಿನ ಬ್ಯಾಟರಿ ಊದಿಕೊಂಡು, ಅದನ್ನು ತೆಗೆದು ಎರಡು ತಿಂಗಳಾಗಿತ್ತು. ಬೇರೆ ಯಾರದೋ ಫೋನನ್ನು ಅಲ್ಲಿಗೆ ಸಿಕ್ಕಿಸುವಷ್ಟು ದಡ್ಡರು ಯಾರಿರುತ್ತಾರೆ ಎಂದು ಆ ಜಾಗವನ್ನು ಪಟ್ಟಿಯಿಂದ ತೆಗೆದಿರಲಿಲ್ಲ.

ಗುರುವಾರ ಫೋನ್ ಸಿಕ್ಕಿಸಿದ ಮೇಲೆ, ಎಂದೂ ಇಲ್ಲದ್ದು, ಕಣ್ಣು ಹತ್ತಿತು. ಎದ್ದರೆ ರ್‍ಯಾಕಿನ ಎಲ್ಲ ಪರದೆಗಳೂ ಕಪ್ಪು. ತಂಡದ ಹಿರಿಯ ಹ್ವಾನ್ ಅಣ್ಣ ಚಾಪೆ ಸುತ್ತುತ್ತಿದ್ದ.

"ಬೆಳಿಗ್ಗೆ ಹೇಳಿದ್ನಲ್ಲ ಖ್ವೆ, ಇವತ್ತು ಮಧ್ಯಾಹ್ನಾನೇ ಓಡಿಸ್ತೀನಿ ಅಂತ. ನೀ ಬರೆದ ಕೂಸು ಮಕಾಡೆ ಮಲಗಿದೆ ನೋಡು."

ಬೆಳಿಗ್ಗೆ ಹೇಳಿದ್ದ. ನಾನು ತಲೆಯನ್ನೂ ಆಡಿಸಿದ್ದೆ. ಈ ಏಳು ತಿಂಗಳಲ್ಲಿ ನಾನು ಚೆನ್ನಾಗಿ ಕಲಿತದ್ದು ಅದೊಂದೇ.

"ಲಾಗ್ ಏನ್ ಹೇಳತ್ತೆ?" ಎಂದ ಅಣ್ಣ. ಪ್ರೋಗ್ರಾಂ ಬರೆದಿಟ್ಟ ದಾಖಲೆಯನ್ನು ನಾನು ತೆರೆದೆ.

"'ಆಗಲಿಲ್ಲ' ಅಂತ."

"ಯಾವ್ದು ಆಗ್ಲಿಲ್ಲ? ಯಾಕಾಗ್ಲಿಲ್ಲ?"

"ಅಷ್ಟೇ ಇದೆ ಅಣ್ಣ."

"ಯಾವ ಪುಣ್ಯಾತ್ಮ ಬರೆದಿದ್ದು?"

"ನಾನೇ."

ವಿಯೆನ್‌ನ ಫೋನನ್ನು ಒರೆಸಿಯಾಗಿದೆಯೋ, ಅರ್ಧಕ್ಕೆ ನಿಂತಿದೆಯೋ ಗೊತ್ತಿರಲಿಲ್ಲ. ಅರ್ಧದಲ್ಲಿದ್ದು ನಾನು ಕೇಬಲ್ ಕಿತ್ತರೆ ಫೋನು ಸತ್ತೇ ಹೋಗುತ್ತದೆ. ಹತ್ತಿರ ಹೋಗಿ ನೋಡಿದ್ದರೆ ತಿಳಿಯುತ್ತಿತ್ತು. ನೋಡುವ ಧೈರ್ಯವಿಲ್ಲದೆ ಒಂದನೇ ಫೋನಿನಿಂದ ಶುರು ಮಾಡಿದೆ. ಕೇಬಲ್ ಬದಲಿಸಿದೆ. ಫೈಲನ್ನು ಮತ್ತೆ ಇಳಿಸಿಕೊಂಡೆ. ನಮ್ಮ ತಂಡದ ಜಿಯೆಪ್ ತಂದ ಹೊಸ ಕೇಬಲ್‌ಗಳೇ ಕಳಪೆ ಎಂದೆ. ಹೀಗೆ ಮುಕ್ಕಾಲು ಗಂಟೆ. ಅಷ್ಟು ಶ್ರದ್ಧೆಯಿಂದ ನಾನು ಆ ಕಂಪನಿಯಲ್ಲಿ ಯಾವತ್ತೂ ಕೆಲಸ ಮಾಡಿರಲಿಲ್ಲ.

ಜಿಯೆಪ್ ನನಗಿಂತ ಮೂರು ವರ್ಷ ಚಿಕ್ಕವಳು, ನಾಲಿಗೆ ಉದ್ದ. "ಅಕ್ಕಾ, ಒಂದರಿಂದ ಹದಿನಾರು ಮೂರು ಸಲ ನೋಡಿದ್ರಿ. ಮುಂದಿನವೇನು ಸವತಿ ಮಕ್ಕಳಾ?" ಎಂದವಳೇ ಸ್ಟೂಲು ಹತ್ತಿದಳು. "ಸಿಕ್ತು! ಹದಿನೇಳು. ಬೀಗ ಬಿದ್ದಿದೆ ಇದಕ್ಕೆ. ಫ್ಲ್ಯಾಶ್ ಮಾಡಕ್ಕೆ ಹೋದ್ರೆ ಬೇಡ ಅಂದಿದೆ. ಇದೊಂದಕ್ಕೋಸ್ಕರ ಎಲ್ಲಾ ನಿಂತಿದೆ."

ಒರೆಸಿಲ್ಲ. ಪರೀಕ್ಷೆಯ ಫೋನ್‌ಗಳಿಗೆ ನಾವು ಮೊದಲೇ ತೆಗೆದಿರುವ ಬೀಗ ಅದನ್ನು ಉಳಿಸಿತ್ತು.

"ಬೀಗ ತೆಗೆದ್ಬಿಡ್ತೀನಿ, ಎರಡು ನಿಮಿಷ," ಎಂದು ಲ್ಯಾಪ್‌ಟಾಪಿನಲ್ಲಿ ಕಂಪನಿಯ ಕೀಲಿ ಹಾಕಿದಳು. ಬೀಗ ತೆಗೆದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಪರೀಕ್ಷೆಯ ಫೋನ್‌ಗಳಲ್ಲಿ ಏನೂ ಇರುವುದಿಲ್ಲವಾದ್ದರಿಂದ ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಫೋನಿನ ಪರದೆಯ ಮೇಲೆ 'ಖಚಿತವೇ?' ಎಂದು ಬಂತು. ಜಿಯೆಪ್‌ಳ ಹೆಬ್ಬೆರಳು ಗುಂಡಿಯ ಮೇಲಿತ್ತು.

"ಬೇಡ," ಎಂದೆ.

"ಏನಕ್ಕಾ?"

"ಅದು ರ್‍ಯಾಕಿಂದಲ್ಲ."

"ಮತ್ತಿನ್ಯಾರ್ದು?"

"ವಿಯೆನ್‌ದು."

ಕಾದ ಬಾಣಲೆ ಮುಟ್ಟಿದವಳಂತೆ ಕೈ ಹಿಂದೆಗೆದುಕೊಂಡಳು. ಹ್ವಾನ್ ಅಣ್ಣ ಗೋಡೆಯತ್ತ ಕೈ ತೋರಿದ.

"ಕರೆಂಟ್ ಕದಿಯೋದಾದ್ರೆ ಗೋಡೇಲಿ ಪ್ಲಗ್ ಇರ್ಲಿಲ್ವೇನೇ?"

"ಅದರಲ್ಲಿ ನಿಮ್ಮ ಫ್ಯಾನಿತ್ತು ಅಣ್ಣ."

ಜಿಯೆಪ್ ನಗು ತಡೆಯಲು ಹೋಗಿ ಕೆಮ್ಮಿದಳು. ಹ್ವಾನ್ ಅಣ್ಣ ತಾನೇ ಹೋಗಿ ಫ್ಯಾನಿನ ಪ್ಲಗ್ ಕಿತ್ತ. "ಮೊದ್ಲು ಅದರಲ್ಲಿರೋದನ್ನ ಪ್ರತಿ ಮಾಡ್ಕೋ. ಉಳಿದ ಇಪ್ಪತ್ಮೂರು ಕಾಯ್ತವೆ. ಆಮೇಲೆ ವರದಿಗೆ ಕಾರಣ ಬರಿ. 'ಆಗಲಿಲ್ಲ' ಅಂತ ಮಾತ್ರ ಬರೀಬೇಡ ಮಾರಾಯ್ತಿ."

ಫೋನನ್ನು ಮೊದಲಿನಿಂದ ಎಬ್ಬಿಸಿದೆ. ಅವನ ನಾಲ್ಕಂಕಿಯ ಪಾಸ್‌ವರ್ಡ್ ಬೆರಳಿಗೆ ನೆನಪಿತ್ತು. ನಲವತ್ತೊಂದು ತುಣುಕುಗಳು ಲ್ಯಾಪ್‌ಟಾಪಿಗೆ ಬಂದು ಬೀಳಲು ಒಂಬತ್ತು ಸೆಕೆಂಡು ಹಿಡಿಯಿತು. ಏಳು ತಿಂಗಳು ಮುಂದಕ್ಕೆ ಹಾಕಿದ್ದು ಈ ಒಂಬತ್ತು ಸೆಕೆಂಡಿನ ಕೆಲಸ. ಕೇಳಲಿಲ್ಲ. ಎರಡು ಕಡೆ ಇಟ್ಟೆ. ವರದಿಯಲ್ಲಿ ಬರೆದೆ: 'ಹದಿನೇಳನೇ ಕೇಬಲ್‌ನಲ್ಲಿ ಪರೀಕ್ಷೆಗೆ ಸೇರದ ಫೋನ್ ಇತ್ತು. ಸಿಕ್ಕಿಸಿದವರು ಖ್ವೆ.' ನನ್ನ ಮಟ್ಟಿಗೆ ಅದು ಪ್ರಬಂಧ.

ಎತ್ತಿಡಲು ಹೋದಾಗ ಅವನ ಫೋನು ಒಮ್ಮೆ ನಡುಗಿತು. ಹೊಸ ಆವೃತ್ತಿ ಬಂದಿದೆಯಂತೆ, ಈಗಲೇ ಹಾಕಲೇ ಎಂದು ಕೇಳುತ್ತಿತ್ತು. ಸಂಖ್ಯೆ ನೋಡಿದೆ. ನಾವೇ ಇಲ್ಲಿ ಪರೀಕ್ಷಿಸಿ ಕಳಿಸಿದ್ದು. ಸರಿಯಾಗಿದೆ ಎಂದು ಸಹಿ ಹಾಕಿದವಳೂ ನಾನೇ.

'ಆಮೇಲೆ' ಒತ್ತಿದೆ. ನನ್ನ ಕೆಲಸದ ಮೇಲೆ ನನಗೆ ಅಷ್ಟೊಂದು ನಂಬಿಕೆಯಿಲ್ಲ.