ಮಾವನ ಹೊಸ ಅಡುಗೆಮನೆ

ಹಳೇ ಹೆಂಚಿನ ಮನೆಯ ಹಿಂಗೋಡೆ ಒಡೆದು ಹೊಸ ಅಡುಗೆಮನೆ ಕಟ್ಟಿಸಬೇಕೆಂದು ಹಟ ಹಿಡಿದವಳು ಸೊಸೆಯೇ. ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ಬಂದವಳಿಗೆ ಹಳೇ ಅಡುಗೆಮನೆಯ ಕತ್ತಲೆ ಗೂಡಿನಲ್ಲಿ ತಲೆ ತಗ್ಗಿಸಿ ನಿಂತು ಪಾತ್ರೆ ತೊಳೆದು ಸಾಕಾಗಿತ್ತು. ಗಂಡ ಹೂಂ ಅಂದ. ಬೇಡವೆಂದವರು ಮಾವ ಮಾತ್ರ. ಅತ್ತೆ ತೀರಿಕೊಂಡ ಮೇಲೆ ಅಡುಗೆಯೆಲ್ಲ ಅವರದೇ. ಇರುವುದೇ ಚೆನ್ನಾಗಿದೆಯಲ್ಲ ಎಂದು ರಾಗ ಎಳೆದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ಎಂದು ಅವಳು ನಕ್ಕುಬಿಟ್ಟಳು.

ಮಣ್ಣಿನ ದಪ್ಪ ಗೋಡೆ ಕೆಡವಿದ ಧೂಳು ಎಷ್ಟೋ ದಿನ ಹಾಸಿಗೆಯವರೆಗೂ ಬಂತು. ಕೊನೆಗೆ ಬೆಳಕು ಸುರಿಯುವ ಗಾಜಿನ ಮಾಡು, ಹಿಡಿಯೇ ಇಲ್ಲದ ಬಿಳಿ ಕಪಾಟು, ಕನ್ನಡಿಯಂಥ ಕರೆಂಟ್ ಒಲೆ ಎಲ್ಲ ಸಿದ್ಧವಾದವು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು.

ಅಂದಿನಿಂದ ಮಾವನ ಕೈ ಕೆಟ್ಟಿತು. ಚಹಾಕ್ಕೆ ಉಪ್ಪು ಬಿತ್ತು, ಹಾಲು ಉಕ್ಕಿ ಹರಿಯಿತು. ಒಂದು ದಿನ ಅವಳು ತಡೆಯಲಾರದೆ, ಬೇಕೆಂದೇ ಹೀಗೆ ಮಾಡುತ್ತಿದ್ದೀರಾ ಎಂದು ಕೇಳಿಬಿಟ್ಟಳು. ಮಾವ ಕಟ್ಟೆ ಒರೆಸತೊಡಗಿದರು.

ರಜೆಯ ದಿನ ಬೆಳಿಗ್ಗೆ ಅವಳು ಒಲೆ ಹಚ್ಚಿ, ಮೂಲೆಯಲ್ಲಿ ಸದ್ದಿಲ್ಲದೆ ಪಾತ್ರೆ ಒರೆಸುತ್ತಿದ್ದಳು. ಮಾವ ಕಟ್ಟೆ ತಡವುತ್ತ ಬಂದರು. ಅವಳಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಒಲೆಯ ಗಾಜಿನಡಿ ಕೆಂಪಗೆ ಕಾದಿದ್ದ ಜಾಗದ ಮೇಲೇ ಅಂಗೈ ಊರಿದರು.

ಅವರ ಸುಟ್ಟ ಕೈಯನ್ನು ನಲ್ಲಿಯಡಿ ಹಿಡಿದು ಅವಳು ಕೇಳಿದಳು: “ಅಷ್ಟು ಕೆಂಪಗಿತ್ತಲ್ಲ ಮಾವ, ಕಾಣಿಸ್ಲಿಲ್ವಾ?”

“ಕೆಂಪೆಲ್ಲಿಂದ ಕಾಣ್ಬೇಕಮ್ಮಾ. ನೀನೇ ನನಗೆ ನೆರಳಿನ ಹಾಗೆ ಕಾಣ್ತೀಯ.”

ನೀರು ಹರಿಯುತ್ತಲೇ ಇತ್ತು.

“ಮೊದಲೇ ಯಾಕೆ ಹೇಳ್ಲಿಲ್ಲ?”

“ಹಳೇ ಅಡುಗೆಮನೇಲಿ ಕಣ್ಣು ಬೇಕಾಗ್ತಿರ್ಲಿಲ್ಲ. ಹೇಳಿದ್ರೆ ನೀವು ನನ್ನನ್ನ ಒಲೆ ಹತ್ರ ಬಿಡ್ತಿದ್ರಾ?”

ಬಿಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಊರವರ ಆರೈಕೆ ಮಾಡುವವಳು, ಒಂದೇ ಸೂರಿನಡಿಯ ಮನುಷ್ಯನ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

ಹೋದ ದೃಷ್ಟಿ ಹೋಯಿತು, ಉಳಿದದ್ದನ್ನು ಕಾಪಾಡಬಹುದು ಎಂದರು ಕಣ್ಣಿನ ಡಾಕ್ಟರು. ಅಪ್ಪ ಇನ್ನು ಒಲೆ ಮುಟ್ಟುವುದು ಬೇಡವೆಂದ ಗಂಡ. ಅವಳು ಒಪ್ಪಲಿಲ್ಲ. ಕಪಾಟುಗಳಿಗೆ ಹಿಡಿ ಹಾಕಿಸಿದಳು, ಗಾಜಿನ ಒಲೆ ತೆಗೆಸಿ ಉರಿಯ ಸದ್ದು ಕೇಳುವ ಗ್ಯಾಸ್ ಒಲೆ ಇಡಿಸಿದಳು. ಈಗ ಅವಳು ಮನೆಯಲ್ಲಿದ್ದಾಗ ಮಾವ ಅಡುಗೆ ಮಾಡುತ್ತಾರೆ, ಉಪ್ಪು ಸರಿಯಾಗೇ ಇರುತ್ತದೆ. ಆದರೆ ಒಳಗೆ ಬರುವ ಮುನ್ನ ಬಾಗಿಲಲ್ಲಿ ನಿಂತು, “ಬರಬಹುದೇನಮ್ಮಾ?” ಎಂದು ಕೇಳುತ್ತಾರೆ. ಹಾಗೆ ಕೇಳಬೇಡಿ ಎಂದು ಅವಳು ಎಷ್ಟು ಹೇಳಿದರೂ ಬಿಟ್ಟಿಲ್ಲ.