ಅಂಗೈಗೆ ತಲುಪಿದ ಸುದ್ದಿ

ಸಿ.ಎಸ್. ಪುರದ ಚನ್ನವೀರಯ್ಯ ತೀರಿಕೊಂಡ ಹನ್ನೊಂದನೇ ದಿನ. ಶಿವಗಣಾರಾಧನೆಯ ಪಂಕ್ತಿಯಲ್ಲಿ ಅವರ ತಮ್ಮ ಪರಮಶಿವಯ್ಯ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡು, ಎಲ್ಲರಿಗೂ ಕೇಳುವಂತೆ ಕೇಳಿದ:

"ಯಾರ ಮದ್ವೆ? ಅಣ್ಣ ಎಲ್ಲಿ?"

ಪಂಕ್ತಿಯವರು ತಲೆ ತಗ್ಗಿಸಿದರು. 1972ರಲ್ಲಿ ಬಂದ ಜ್ವರ ಪರಮಶಿವಯ್ಯನ ಕಣ್ಣು, ಕಿವಿ ಎರಡನ್ನೂ ಒಯ್ದು ನಾಲಿಗೆಯನ್ನಷ್ಟೇ ಬಿಟ್ಟಿತ್ತು. ಹನ್ನೆರಡು ವರ್ಷದಿಂದ ಅಣ್ಣ ಭುಜ ಮುಟ್ಟಿದರೆ ಏಳುವುದು, ಬೆನ್ನು ತಟ್ಟಿದರೆ ಉಣ್ಣುವುದು. ಆ ಕೈ ಇನ್ನಿಲ್ಲ ಎಂದು ಹೇಳುವ ದಾರಿ ಅತ್ತಿಗೆ ಶಕುಂತಲಮ್ಮನಿಗೆ ಹೊಳೆಯಲಿಲ್ಲ.

ಮರುದಿನದಿಂದ ಎರಡು ದಿನ ಅವನು ಅನ್ನ ಮುಟ್ಟಲಿಲ್ಲ. ಬಾಗಿಲಲ್ಲಿ ಕೂತು, ಬಂದವರ ಕೈ ತಡವಿ, ಅಣ್ಣನದಲ್ಲವೆಂದು ಬಿಟ್ಟುಬಿಡುತ್ತಿದ್ದ.

"ತಲೆ ಕೆಟ್ಟೈತೆ ಕಣಮ್ಮ," ಎಂದ ಕುಣಿಗಲ್‌ನಿಂದ ಬಂದಿದ್ದ ಶಕುಂತಲಮ್ಮನ ಅಣ್ಣ ವೀರಭದ್ರಯ್ಯ. "ನಾಳೆ ಯಾವ್ದಾದ್ರೂ ಮಠದಾಗೆ ಬುಟ್ಟು ಬತ್ತೀನಿ. ಹೊಟ್ಟೆಗಂತೂ ಸಿಕ್ತದೆ."

"ಎಲ್ಲಿಗೆ ಹೋಗ್ತಿದೀನಿ ಅಂತ ಅವ್ನಿಗೆ ಗೊತ್ತಾಗಲ್ವಲ್ಲಣ್ಣ."

"ಇಲ್ಲಿದೀನಿ ಅಂತ ಗೊತ್ತಾ?"

ಶಕುಂತಲಮ್ಮ ಮೈದುನನ ಎರಡು ಪಂಚೆಯನ್ನು ಚೀಲಕ್ಕೆ ತುಂಬಿದಳು.

ಆ ಸಂಜೆ ಅವಳ ಬಾಲ್ಯದ ಗೆಳತಿ ಕರಿಬಸಮ್ಮ ಮಾತಾಡಿಸಲು ಬಂದಳು. ಗುಬ್ಬಿಯಲ್ಲಿ ಟೀಚರ್, ಭಾನುವಾರ ತುಮಕೂರಿಗೆ ಹೋಗಿ ಅಂಧ ವಿದ್ಯಾರ್ಥಿಗಳಿಗೆ ಪಾಠ ಓದಿ ಹೇಳುವವಳು.

"ನಿನ್ನ ಮೈದ್ನ ಜ್ವರ ಬರೋಕ್ಮುಂಚೆ ಓದಿದ್ನೇನೇ?"

"ಎಸ್ಸೆಲ್ಸಿ ಪಾಸು ಕಣೇ. ಊರೋರ ಅರ್ಜಿಯೆಲ್ಲಾ ಅವ್ನೇ ಬರೀತಿದ್ದ."

ವೀರಭದ್ರಯ್ಯ ಹಳೇ ಮೇಷ್ಟ್ರ ದನಿ ತೆಗೆದ. "ಅ... ಆ... ಅಂತ ಸ್ಲೇಟು ಹಿಡೀರಿ ಟೀಚರಮ್ಮ. ಕುರುಡ ಓದ್ತಾನೆ."

"ಕಣ್ಣು ಹೋಗಿದೆ ಸಾರ್, ಕಲಿತ ಅಕ್ಷರ ಹೋಗಿಲ್ಲ."

ಅವಳು ಪರಮಶಿವಯ್ಯನ ಅಂಗೈ ಬಿಡಿಸಿ, ತೋರುಬೆರಳಿನಿಂದ ದೊಡ್ಡದಾಗಿ, ನಿಧಾನವಾಗಿ ಬರೆದಳು. ಅವನು ಕೈ ಎಳೆದುಕೊಂಡ. ಮತ್ತೆ ಬರೆದಳು. ಮೂರನೇ ಸಲ ಅವನು ಒಂದೊಂದೇ ಅಕ್ಷರ ಕೂಡಿಸತೊಡಗಿದ.

"ಕ... ರಿ... ಬ... ಸ... ಮ್ಮ. ಯಾರಮ್ಮ ನೀನು?" ಎಂದವನು ಅವಳ ಕೈ ಬಿಗಿಹಿಡಿದ. "ಅಣ್ಣ ಎಲ್ಲಿ?"

ಕರಿಬಸಮ್ಮ ಆ ಕೈಯನ್ನು ಗೆಳತಿಗೆ ಕೊಟ್ಟಳು. "ಇದನ್ನ ನೀನೇ ಬರೀಬೇಕು ಕಣೇ."

ಶಕುಂತಲಮ್ಮ ಬರೆದಳು: ನಾನು ಅತ್ತಿಗೆ. ಅಣ್ಣ ತೀರಿಕೊಂಡರು.

"ಯಾವತ್ತು?"

ಹದಿಮೂರು ದಿನವಾಯಿತು, ಎಂದು ಬರೆದಳು. ಅವನು ಬೆರಳು ಮಡಿಚಿ ಎಣಿಸಿದ.

"ನಾನು ಪಾಯಸ ಎರಡು ಸಲ ಹಾಕಿಸ್ಕೊಂಡೆ ಅತ್ತಿಗೆ."

ವೀರಭದ್ರಯ್ಯ ಎದ್ದು ಹೋಗಿ ಚೀಲದಿಂದ ಪಂಚೆ ತೆಗೆದಿಟ್ಟ.

"ತುಮಕೂರಲ್ಲಿ ನಾನು ಪಾಠ ಓದೋಕೆ ಹೋಗೋ ಕಡೆ ಕುರ್ಚಿಗೆ ಬೆತ್ತ ಹೆಣೆಯೋದು ಕಲಿಸ್ತಾರೆ," ಎಂದಳು ಕರಿಬಸಮ್ಮ. "ಪಕ್ಕದಲ್ಲಿ ಕೂತು, ಹೇಳಿದ್ದನ್ನ ಇವನ ಕೈಗೆ ಬರೆಯೋರು ಬೇಕು. ಭಾನುವಾರ ನಾನಿದೀನಿ. ಮಿಕ್ಕ ದಿನಕ್ಕೆ ಜನ ಇಲ್ಲ."

"ಬುಧವಾರ ನಂಗೆ ಅಲ್ಲೇ ಕೆಲ್ಸ ಇರ್ತದೆ," ಎಂದ ವೀರಭದ್ರಯ್ಯ, ಗೋಡೆ ನೋಡುತ್ತಾ.

"ಹೋಗ್ತಾನಾ ಅಂತ ಅವ್ನನ್ನೇ ಕೇಳಾಣ," ಎಂದು ಶಕುಂತಲಮ್ಮ ಬರೆದು ಕೇಳಿದಳು.

"ಹೋಗ್ತೀನಿ," ಎಂದ ಪರಮಶಿವಯ್ಯ. "ಮೊದ್ಲು ಅಣ್ಣನ ಸಮಾಧಿ ಹತ್ರ ಕರ್ಕೊಂಡೋಗಿ."

ಓದುತ್ತಿರುವವರೇ, ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಕೂತಿರಬಹುದು. ವಾರಕ್ಕೊಂದು ಗಂಟೆ ಅವರಿಗೆ ಕೊಡಿ. ಅಕ್ಷರ ಬಲ್ಲವರ ಅಂಗೈಗೆ ಬರೆಯಿರಿ. ಅರಿಯದವರಿಗೆ ಮುಟ್ಟಿ ತಿಳಿಸುವ ಗುರುತು ಕಲಿಸಿ. ಕೆಲಸ ಕಲಿಯುವ ಕಡೆ ಜೊತೆಗೆ ಹೋಗಿ. ಮೊದಲ ದಿನ ಏನು ಹೇಳಲಿ ಎನ್ನುತ್ತೀರಾ? ನಿಮ್ಮ ಹೆಸರು ಹೇಳಿ. ಇವತ್ತು ಯಾವ ವಾರ ಎಂದು ಹೇಳಿ. ಅದನ್ನೂ ಅವರಿಗೆ ಯಾರೂ ಹೇಳಿರುವುದಿಲ್ಲ.