ಗಿಣ್ಣಿನ ಪಕ್ಕದ ಗಂಟು

ಟೈಲರಕ್ಕನ ಬಲಗಾಲಿನ ಗಿಣ್ಣಿನ ಪಕ್ಕ ಬಟಾಣಿಯಷ್ಟು ದಪ್ಪದ ಗಂಟೊಂದು ನಾಲ್ಕು ವರ್ಷದಿಂದ ಮನೆ ಮಾಡಿತ್ತು. ತಣ್ಣೀರು ತಾಗಿದರೂ ಸರಿ, ಹೊಲಿಗೆ ಮಿಷನ್ನಿನ ಪೆಡಲ್ ತುಳಿದರೂ ಸರಿ, ಜೀವ ಹೋಗುವಂಥ ಚಳಕು. ಕೊನೆಗೆ ಎರಡು ವಾರದ ಹಿಂದೆ ಡಾಕ್ಟರು ಅದನ್ನು ಕೊಯ್ದು ತೆಗೆದು, ಐದು ಹೊಲಿಗೆ ಹಾಕಿ, ಗಂಟನ್ನು ಪರೀಕ್ಷೆಗೆ ಕಳಿಸಿದ್ದರು. ಇವತ್ತು ರಿಪೋರ್ಟು. ಕೆಟ್ಟದ್ದಾಗಿದ್ದರೆ ಕಾಲಿಗೆ ಮತ್ತೆ ಕತ್ತಿ. ತುಳಿಯುವ ಕಾಲೇ ಹೋದರೆ ಅಂಗಡಿಯೂ ಹೋದಂತೆ.

ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೈಯಾದರೂ ಆಡಲಿ ಎಂದು ಶರ್ಟಿನ ಎರಡು ತೋಳು ಕತ್ತರಿಸಿದಳು. ಗುಂಡಿ ಹಚ್ಚುತ್ತಿದ್ದ ನಾದಿನಿ ಅವನ್ನು ಎತ್ತಿ ಹಿಡಿದಳು.

"ಅತ್ತಿಗೆ, ಈ ಗಿರಾಕಿಗೆ ಎರಡೂ ಎಡಗೈನಾ?"

ಬಟ್ಟೆ ಮಡಚದೆ, ಒಂದೇ ಮಗ್ಗುಲಿಗೆ ಎರಡು ಸಲ ಕತ್ತರಿ ಆಡಿಸಿದ್ದಳು. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು.

"ಬಾಯಿ ಮುಚ್ಕೊಂಡು ಗುಂಡಿ ಹಚ್ಚು."

"ಬಾಯಿಗೂ ಒಂದು ಹಚ್ಕೊಳ್ಲಾ?"

ಅಷ್ಟರಲ್ಲಿ ಫೋನಿಗೆ ರಿಪೋರ್ಟು ಬಂದ ಸದ್ದಾಯಿತು. ನಾದಿನಿ ಅಕ್ಷರ ಕೂಡಿಸಿ ಓದಿದಳು: "ಆಂಜಿಯೋ... ಲಿಯೋ... ಮಯೋಮಾ. ಅಯ್ಯೋ, 'ಓಮಾ' ಅಂದ್ರೆ..." ಎಂದವಳೇ ನಾಲಿಗೆ ಕಚ್ಚಿಕೊಂಡಳು. ಬೇಕರಿಯವನ ಹೆಂಡತಿಯನ್ನು ತಿಂದುಹಾಕಿದ ಕಾಯಿಲೆಯ ಹೆಸರೂ 'ಓಮಾ' ಎಂದೇ ಮುಗಿಯುತ್ತಿತ್ತು. ಟೈಲರಕ್ಕ ನಾದಿನಿಯ ಹೆಗಲು ಹಿಡಿದು, ಕುಂಟುತ್ತಲೇ ಆಸ್ಪತ್ರೆಗೆ ಓಡಿದಳು.

"ಓಮಾ ಅಂದ್ರೆ ಗಂಟು ಕಣಮ್ಮ," ಎಂದರು ಡಾಕ್ಟರು. "ಅದ್ರಲ್ಲಿ ಪಾಪದ್ದೂ ಇರುತ್ತೆ, ಕೆಟ್ಟದ್ದೂ ಇರುತ್ತೆ. ನಿಮ್ದು ಪಾಪದ್ದು, ಅಪಾಯ ಇಲ್ಲ. ರಕ್ತನಾಳದ ಗೋಡೆಯ ಸ್ನಾಯು ಬೆಳೆದು ಉಂಡೆ ಕಟ್ಟಿತ್ತು, ಅಷ್ಟೇ. ಗರ್ಭಕೋಶದಲ್ಲಿ ಗಡ್ಡೆ ಆಗುತ್ತಲ್ಲ, ಅದರ ನೆಂಟ."

"ಅಲ್ಲಿಂದ ಕಾಲಿಗೆ ಇಳಿದು ಬಂತಾ?" ನಾದಿನಿ ಬಾಯಿ ಬಿಟ್ಟಳು.

ಡಾಕ್ಟರು ನಕ್ಕುಬಿಟ್ಟರು. "ಎಲ್ಲಿಂದ್ಲೂ ಬಂದಿಲ್ಲ, ಎಲ್ಲಿಗೂ ಹೋಗಲ್ಲ. ಪೂರ್ತಿ ತೆಗೆದಿದ್ದೀವಿ."

"ಮಿಷನ್ ತುಳೀಬಹುದಾ?" ಟೈಲರಕ್ಕನಿಗೆ ಬೇಕಾಗಿದ್ದು ಅದೊಂದೇ.

"ಇವತ್ತು ಹೊಲಿಗೆ ಬಿಚ್ಚೋಣ. ಒಂದು ವಾರ ಬಿಟ್ಟು ಧಾರಾಳವಾಗಿ ತುಳೀರಿ."

ನರ್ಸು ಕತ್ತರಿ ಹಿಡಿದು ಬಂದಳು. "ಗಂಟಿನ ಕೆಳಗೆ ಕತ್ತರಿಸು ತಾಯಿ, ದಾರ ತಾನೇ ಬರುತ್ತೆ," ಎಂದು ಟೈಲರಕ್ಕ ಪಾಠ ಹೇಳಿದಳು.

"ಗೊತ್ತು. ನೀವು ಮೊದಲು ಕಾಲು ನಿಲ್ಲಿಸಿ!"

ಪಾದ ಆಗಲೇ ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು ಎಂದು ಗಾಳಿಯಲ್ಲಿ ಪೆಡಲ್ ತುಳಿಯತೊಡಗಿತ್ತು. ಐದೂ ಹೊಲಿಗೆ ಬಿಚ್ಚುವವರೆಗೆ ನಾದಿನಿ ಅದನ್ನು ಎರಡೂ ಕೈಯಿಂದ ಅದುಮಿ ಹಿಡಿಯಬೇಕಾಯಿತು.